ಆತುರಪರಿಪ್ರಶ್ನವೂ ‘ಆರಾಮ’ ಶಬ್ದವೂ: ಮಾನಸಿಕ ಚಿಕಿತ್ಸೆಯ ಫಲವನ್ನು ಅಳೆಯುವ ವಿಚಾರ

೧

ದೇಹದ ರೋಗವು ವಾಸಿಯಾಯಿತೆಂಬುದನ್ನು ತಿಳಿಯಲು ವೈದ್ಯನಿಗೆ ಅನೇಕ ಸಾಧನಗಳುಂಟು. ಜ್ವರವಿಳಿದುದನ್ನು ಉಷ್ಣಮಾಪಕವು ಹೇಳುತ್ತದೆ. ಮುರಿದ ಎಲುಬು ಕೂಡಿದುದನ್ನು ಕ್ಷಕಿರಣದ ಚಿತ್ರವು ತೋರಿಸುತ್ತದೆ. ಮನಸ್ಸಿನ ದುಃಖವು ಇಳಿಯಿತೆಂದು ತೋರಿಸತಕ್ಕ ಯಂತ್ರವು ಈವರೆಗೆ ಹುಟ್ಟಿಲ್ಲ. ಅಲ್ಲಿ ಪ್ರಮಾಣವಾಗತಕ್ಕದ್ದು ಮುಖ್ಯವಾಗಿ ರೋಗಿಯ ಮಾತು. ಮಾತೇ ಪ್ರಮಾಣವಾದಲ್ಲಿ ಶಬ್ದಾರ್ಥವಿಚಾರವು ಚಿಕಿತ್ಸೆಯ ಅಂಗವೇ ಆಗುತ್ತದೆ. ಆದುದರಿಂದ ಮೇಲುನೋಟಕ್ಕೆ ವೈದ್ಯರಿಗೆ ಮಾತ್ರ ಸೇರಿದುದೆಂದು ತೋರುವ ಈ ವಿಷಯವು ಭಾಷಾವಿದರ ಲಕ್ಷ್ಯಕ್ಕೂ ಅರ್ಹವಾಗಿದೆ.

ಈಗಿನ ವೈದ್ಯಶಾಸ್ತ್ರದಲ್ಲಿ ಈ ಅಳತೆಗಳನ್ನು ಎರಡು ವಿಧವಾಗಿ ವಿಂಗಡಿಸುತ್ತಾರೆ. ಚಿಕಿತ್ಸೆಯಿಂದ ರೋಗಿಯ ನಿದ್ರೆ, ಉತ್ಸಾಹ, ಉದ್ಯೋಗ, ಬಂಧುಜನರೊಡನೆ ವರ್ತನೆ ಇವುಗಳಲ್ಲಿ ಆದ ಬದಲಾವಣೆಯನ್ನು ಅವನ ಬಾಯಿಂದಲೇ ತಿಳಿಯುವುದು ಮೊದಲನೆಯದು, ಇದನ್ನು ‘ಫಲಮಾನ’ವೆನ್ನಬಹುದು. ಚಿಕಿತ್ಸೆ ನಡೆದಾಗ ಅವನ ಮಾತನ್ನು ಕೇಳಿದರೋ ಇಲ್ಲವೋ, ಔಷಧದ ಗುಣದೋಷಗಳನ್ನು ತಿಳಿಸಿದರೋ ಇಲ್ಲವೋ, ಗೌರವದಿಂದ ನಡೆಸಿಕೊಂಡರೋ ಇಲ್ಲವೋ ಎಂಬುದನ್ನು ಕೇಳುವುದು ಎರಡನೆಯದು, ಇದು ‘ಅನುಭವಮಾನ’. ಇವೆರಡೂ ಒಂದೇ ಅಲ್ಲ. ಗುಣವಾದವನು ಅವಮಾನಿತನಾಗಿರಬಹುದು, ಆದರದಿಂದ ಉಪಚರಿಸಲ್ಪಟ್ಟವನು ಗುಣಹೊಂದದೆಯೇ ಇರಬಹುದು. ಒಂದರ ಅಂಕೆಯನ್ನು ಮತ್ತೊಂದಕ್ಕೆ ಸಾಕ್ಷಿಯಾಗಿ ತರುವುದು ತರ್ಕದೋಷವೆನಿಸುತ್ತದೆ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲ್ಲೂಕುಗಳ ಆಡುಮಾತನ್ನು ಉದಾಹರಣೆಯಾಗಿಟ್ಟುಕೊಂಡು ಈ ಅಳತೆಗಳ ಸ್ವರೂಪವನ್ನೂ, ಕನ್ನಡದಲ್ಲಿ ಅವುಗಳಿಗೆ ಒದಗುವ ತೊಡಕುಗಳನ್ನೂ, ಪರಿಹಾರದ ಮಾರ್ಗವನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ರೋಗಿಯನ್ನೇ ಕೇಳಿ ತಿಳಿಯಬೇಕೆಂಬ ವಿಚಾರವು ಕೇವಲ ಆಧುನಿಕವಲ್ಲ. ಚರಕಸಂಹಿತೆಯ ವಿಮಾನಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ರೋಗಜ್ಞಾನಕ್ಕೆ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನವೆಂಬ ಮೂರು ಪ್ರಮಾಣಗಳನ್ನು ಹೇಳಿದೆ. ಹೀಗೆ ಹೇಳಿದ ಆಚಾರ್ಯನೇ ಅನುಮಾನದ ಪ್ರಕರಣದ ಕೊನೆಗೆ ಕೆಲವು ವಿಷಯಗಳನ್ನು ಬೇರೆಯಾಗಿಟ್ಟಿರುವನು: ರೋಗಿಯ ಕನಸು, ಅವನ ಅಭಿಪ್ರಾಯ, ಇಷ್ಟಾನಿಷ್ಟಗಳು, ಸುಖದುಃಖಗಳು ಇವೇ ಮುಂತಾದುವನ್ನು ಆತುರಪರಿಪ್ರಶ್ನದಿಂದಲೇ, ಎಂದರೆ ರೋಗಿಯನ್ನು ಕೇಳಿಯೇ, ತಿಳಿಯತಕ್ಕದ್ದೆಂದು ಅಲ್ಲಿಯ ವಿಧಿ. ಅಲ್ಲಿಯ ಅವಧಾರಣಾರ್ಥದ ‘ಏವ’ಕಾರವು ವ್ಯರ್ಥವಲ್ಲ. ನಾಡಿ, ನಾಲಗೆ, ಚರ್ಮಗಳನ್ನು ವೈದ್ಯನು ಬಲ್ಲನು. ಸುಖದುಃಖವನ್ನು ಅನುಭವಿಸುವವನೇ ಬಲ್ಲನು.

ಇನ್ನೊಂದು ಅಂಶವೂ ಗಮನಾರ್ಹವಾಗಿದೆ. ನಿದಾನಸ್ಥಾನದಲ್ಲಿ ಉನ್ಮಾದದ ಲಕ್ಷಣವನ್ನು ಹೇಳುವಾಗ ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮವನ್ನು ಎಣಿಸಿದೆ. ಭಕ್ತಿಯೆಂದರೆ ಇಲ್ಲಿ ಅಭಿರುಚಿ. ರೋಗವನ್ನು ಒಂದೇ ಮೊತ್ತವೆಂದು ಹೇಳದೆ ಅಂಗಗಳಾಗಿ ಬಿಡಿಸಿ ನೋಡುವ ಈ ಕ್ರಮವೇ ಇಂದಿನ ಅಳತೆಗಳಲ್ಲಿಯೂ ಕಾಣುತ್ತದೆ. ಇಷ್ಟಕ್ಕೇ ನಿಲ್ಲದೆ ಚಿಕಿತ್ಸಾಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಉನ್ಮಾದವು ಹೋದುದರ ಲಕ್ಷಣವನ್ನೂ ಕೊಟ್ಟಿದೆ. ಇಂದ್ರಿಯಗಳು ತಮ್ಮ ವಿಷಯಗಳಲ್ಲಿ ಪ್ರಸನ್ನವಾಗಿರುವುದು, ಬುದ್ಧಿ, ಆತ್ಮ, ಮನಸ್ಸುಗಳ ಪ್ರಸನ್ನತೆ, ಧಾತುಗಳು ತಮ್ಮ ಪ್ರಕೃತಿಯಲ್ಲಿ ನಿಲ್ಲುವುದು ಇವು ಆ ಲಕ್ಷಣಗಳು. ರೋಗಚಿಹ್ನೆಯು ಮರೆಯಾಯಿತೆಂಬುದು ಮಾತ್ರವೇ ಗುಣವಲ್ಲ, ಪ್ರಸನ್ನತೆಯು ಬಂದಿರಬೇಕೆಂಬುದು ಇದರ ತಾತ್ಪರ್ಯ. ಈ ತತ್ತ್ವವಿದ್ದರೂ ಅದನ್ನು ಅಂಕೆಗಳಿಂದ ಅಳೆದು, ಬಹುಜನ ರೋಗಿಗಳಲ್ಲಿ ಹೋಲಿಸಿ ನೋಡುವ ವಿಧಾನವು ನಮ್ಮ ಪ್ರಾಚೀನರಲ್ಲಿ ಬೆಳೆಯಲಿಲ್ಲ. ಆ ವಿಧಾನವು ಆಧುನಿಕರದು.

೩

ಈ ಭಾಗದ ಜನರಿಗೆ ಮಾನಸಿಕ ಚಿಕಿತ್ಸೆಯೆಂದರೆ ಬಹುಕಾಲ ಧಾರವಾಡವೇ ಆಗಿತ್ತು. ಅಲ್ಲಿಯ ಆಸ್ಪತ್ರೆಯು ೧೮೪೫ರಲ್ಲಿ ಮುಂಬಯಿ ಸರಕಾರದ ಆಳಿಕೆಯಲ್ಲಿ ಸ್ಥಾಪಿತವಾಯಿತು. ಈಗ ಅದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಸಂಕ್ಷೇಪವಾಗಿ ಡಿಮ್ಹಾನ್ಸ್, ಎಂದು ಪ್ರಸಿದ್ಧವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಲಾಬಾ, ಪುಣೆ, ಧಾರವಾಡ ಮುಂತಾದ ಆಸ್ಪತ್ರೆಗಳ ವಿಷಯವಾಗಿ ಮುಂಬಯಿ ಸರಕಾರವು ವಾರ್ಷಿಕ ವರದಿಗಳನ್ನು ಪ್ರಕಟಿಸುತ್ತಿತ್ತು. ಎಷ್ಟು ಜನರು ಸೇರಿದರು, ಎಷ್ಟು ಜನರು ಗುಣಹೊಂದಿ ಹೊರಟರು, ಎಷ್ಟು ಜನರು ತೀರಿಕೊಂಡರು, ತಲೆಗೆಷ್ಟು ವೆಚ್ಚವಾಯಿತು ಎಂಬುದನ್ನು ಅವುಗಳ ಕೋಷ್ಟಕಗಳು ತಿಳಿಸುತ್ತವೆ. ಇದೂ ಒಂದು ಅಳತೆಯೇ. ಆದರೆ ‘ಗುಣಹೊಂದಿದನು’ ಎಂಬ ವಾಕ್ಯದ ವಕ್ತೃವು ಅಧಿಕಾರಿ. ಗುಣಹೊಂದಿದವನು ಅದರಲ್ಲಿ ಕೇವಲ ವಿಷಯ. ಅವನ ಮಾತಿಗೆ ಆ ಕೋಷ್ಟಕದಲ್ಲಿ ಮನೆಯೇ ಇಲ್ಲ.

ಸ್ವಾತಂತ್ರ್ಯಾನಂತರ ಸ್ಥಿತಿಯು ಮೆಲ್ಲಮೆಲ್ಲನೆ ಬದಲಾಯಿತು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ೧೯೮೫ರಿಂದ ಐದು ವರ್ಷ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಡೆಸಿದ ಪ್ರಯೋಗದ ಮಾದರಿಯ ಮೇಲೆ, ದೊಡ್ಡ ಆಸ್ಪತ್ರೆಗಷ್ಟೇ ಸೀಮಿತವಾಗಿದ್ದ ಚಿಕಿತ್ಸೆಯನ್ನು ತಾಲ್ಲೂಕು ಮತ್ತು ಹಳ್ಳಿಗಳ ಆರೋಗ್ಯಕೇಂದ್ರಗಳಿಗೆ ತರುವ ಜಿಲ್ಲಾ ಯೋಜನೆಯು ದೇಶದಲ್ಲಿ ಹಬ್ಬಿತು. ಆದರೂ ೨೦೧೫-೧೬ರ ರಾಷ್ಟ್ರೀಯ ಸಮೀಕ್ಷೆಯು, ಬೇರೆಬೇರೆ ಮಾನಸಿಕ ವ್ಯಾಧಿಗಳಲ್ಲಿ ನೂರಕ್ಕೆ ೭೦ರಿಂದ ೯೨ರಷ್ಟು ಜನರು ಚಿಕಿತ್ಸೆಯಿಲ್ಲದೆ ಇದ್ದಾರೆಂದು ಕಂಡುಕೊಂಡಿತು. ಆ ಸಮೀಕ್ಷೆಯು ನಡೆದ ೧೨ ರಾಜ್ಯಗಳಲ್ಲಿ ಕರ್ನಾಟಕವು ಸೇರಿರಲಿಲ್ಲ. ಚಿಕಿತ್ಸೆಯು ಹಳ್ಳಿಗೆ ಬಂದಂತೆಲ್ಲ ಪ್ರಶ್ನಪತ್ರವೂ ಹಳ್ಳಿಗೆ ಬರುತ್ತದೆ. ಆ ಪತ್ರದ ಭಾಷೆಯೇ ಇಲ್ಲಿಯ ವಿಚಾರದ ತಿರುಳು.

೪

ಈಗ ಬಳಕೆಯಲ್ಲಿರುವ ಮಾಪಕಗಳಲ್ಲಿ ಮೂರನ್ನು ತಿಳಿದರೆ ಸಾಕು. ಮೊದಲನೆಯದು ಖಿನ್ನತೆಯನ್ನು ಅಳೆಯುವ, ‘ಪಿ.ಎಚ್.ಕ್ಯೂ.-೯’ ಎಂಬ ಹೆಸರಿನ ಒಂಬತ್ತು ಪ್ರಶ್ನೆಗಳ ಪತ್ರ. ಕಳೆದ ಎರಡು ವಾರಗಳಲ್ಲಿ ಇಂತಿಂತಹ ತೊಂದರೆಯು ಎಷ್ಟು ಸಲ ಆಯಿತೆಂದು ಕೇಳಿ, ಪ್ರತಿಯೊಂದಕ್ಕೂ ಸೊನ್ನೆಯಿಂದ ೩ರವರೆಗೆ ಅಂಕೆ ಕೊಟ್ಟು, ೨೭ರ ಮೊತ್ತದಲ್ಲಿ ಎಣಿಸುತ್ತಾರೆ. ೧೦ಕ್ಕೆ ಮುಟ್ಟಿದರೆ ಹೆಚ್ಚಿನ ಪರೀಕ್ಷೆ ಬೇಕೆಂದು ಸಾಮಾನ್ಯ ನಿಯಮ. ಎರಡನೆಯದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೦ರಲ್ಲಿ ಕೈಪಿಡಿಯೊಡನೆ ಪ್ರಕಟಿಸಿದ ಅಶಕ್ತತಾಮಾಪಕ. ತಿಳಿವು, ಓಡಾಟ, ಸ್ವಂತ ದೇಹದ ಆರೈಕೆ, ಜನರೊಡನೆ ಹೊಂದಿಕೆ, ಮನೆಗೆಲಸ ಮತ್ತು ಉದ್ಯೋಗ, ಸಮಾಜದಲ್ಲಿ ಪಾಲುಗೊಳ್ಳುವಿಕೆ ಎಂಬ ಆರು ಕ್ಷೇತ್ರಗಳಲ್ಲಿ ೩೦ ದಿನಗಳ ಕಷ್ಟವನ್ನು ಇದು ಕೇಳುತ್ತದೆ.

ಮೂರನೆಯದು ಭಾರತೀಯ ಮನೋವೈದ್ಯರ ಸಂಘವು ರಚಿಸಿದ ‘ಐಡಿಯಾಸ್’ ಎಂಬ ಮಾಪಕ. ಇದರ ಅಂಕೆಯು ವೈದ್ಯನ ದಪ್ತರಿನಲ್ಲಿಯೇ ಉಳಿಯದೆ ರೋಗಿಯ ಜೀವನೋಪಾಯವನ್ನು ಮುಟ್ಟುತ್ತದೆ. ಸ್ವಂತ ಆರೈಕೆ, ಜನರೊಡನೆ ವರ್ತನೆ, ಮಾತು ಮತ್ತು ಗ್ರಹಿಕೆ, ಕೆಲಸ ಈ ನಾಲ್ಕಕ್ಕೆ ತಲಾ ಸೊನ್ನೆಯಿಂದ ೪ರವರೆಗೆ ಅಂಕೆ ಕೊಟ್ಟು, ವ್ಯಾಧಿಯ ಅವಧಿಗೆ ೧ರಿಂದ ೪ರವರೆಗೆ ಅಂಕೆ ಕೂಡಿಸಿ, ಒಟ್ಟು ೨೦ರಲ್ಲಿ ನಿರ್ಣಯಿಸುತ್ತಾರೆ. ಮೊತ್ತವು ೭ಕ್ಕೆ ಬಂದರೆ ನೂರಕ್ಕೆ ೪೦ರ ಅಂಗವೈಕಲ್ಯವೆಂದು ಗಣನೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಅನೇಕ ಸೌಲಭ್ಯಗಳ ಹೊಸ್ತಿಲು ಈ ೪೦ರ ಅಂಕೆಯೇ. ಇಲ್ಲಿ ಅಂಕೆಯನ್ನು ವೈದ್ಯನು ಕೊಡುತ್ತಾನಾದರೂ ಅದಕ್ಕೆ ಆಧಾರವು ರೋಗಿಯೂ ಮನೆಯವರೂ ಹೇಳಿದ ಮಾತು. ಮೂರು ವರ್ಷದಿಂದ ಬಳಲುವವನಿಗೆ ಅವಧಿಯಿಂದ ೨, ನಾಲ್ಕು ಕ್ಷೇತ್ರಗಳಿಂದ ೫, ಒಟ್ಟು ೭ ಅಂಕೆ ಬಂದಿತೆನ್ನೋಣ. ಒಂದು ಪ್ರಶ್ನೆಯು ಅವನಿಗೆ ತಪ್ಪಾಗಿ ತಿಳಿದು ಒಂದಂಕೆ ಇಳಿದರೆ ಮೊತ್ತವು ೬ಕ್ಕೆ ನಿಲ್ಲುತ್ತದೆ. ಹೊಸ್ತಿಲಿನ ಆಚೆಗೇ ಅವನು ಉಳಿಯುತ್ತಾನೆ. ಒಂದು ಶಬ್ದದ ಅರ್ಥಭೇದಕ್ಕೆ ಇಷ್ಟು ಬೆಲೆಯುಂಟು.

೫

ಈಗ ಶಬ್ದಗಳ ವಿಚಾರ. ಈ ನಾಲ್ಕು ತಾಲ್ಲೂಕುಗಳ ಭೂಮಿಯು ದೀರ್ಘಕಾಲ ಮರಾಠಿ ಮತ್ತು ಫಾರಸಿ ದಪ್ತರುಗಳ ಆಳಿಕೆಗೆ ಒಳಪಟ್ಟಿದ್ದಿತು. ರಾಮದುರ್ಗವು ೧೯೪೮ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಉಳಿದವು ೧೯೫೬ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಆದುದರಿಂದ ಆರೋಗ್ಯ ಮತ್ತು ಮನಃಸ್ಥಿತಿಗಳನ್ನು ಹೇಳುವ ಇಲ್ಲಿಯ ಮಾತುಗಳು ಮೈಸೂರು ಸೀಮೆಯ ಮಾತುಗಳಿಗಿಂತ ಹಲವೆಡೆ ಬೇರೆಯಾಗಿವೆ.

ಇವುಗಳಲ್ಲಿ ಅಗ್ರಗಣ್ಯವಾದುದು ‘ಆರಾಮ’. ‘ಆರಾಮ ಅದೀರೇನ್ರಿ?’ ಎಂಬುದು ಕುಶಲಪ್ರಶ್ನೆ. ‘ಆರಾಮಿಲ್ಲ’, ‘ಆರಾಮ ತಪ್ಪೈತಿ’ ಎಂದರೆ ರೋಗ ಬಂದಿದೆ. ‘ಆರಾಮ ಆಗೈತಿ’ ಎಂದರೆ ಗುಣವಾಗಿದೆ. ಸಂಸ್ಕೃತ ಕೋಶಗಳಲ್ಲಿ ಆರಾಮವೆಂದರೆ ಉಪವನ. ಸ್ವಾಸ್ಥ್ಯವೆಂಬ ಅರ್ಥವು ವಿಶ್ರಾಂತಿವಾಚಕವಾದ ಫಾರಸೀ ಶಬ್ದದಿಂದ ಬಂದುದು. ಎರಡರ ಮೂಲದಲ್ಲಿಯೂ ‘ರಮ್’ ಎಂಬ ಒಂದೇ ಧಾತುವು ಇರುವುದರಿಂದ ಇವು ದೂರದ ದಾಯಾದಿಗಳೆನ್ನಬಹುದು. ಆಡುಮಾತಿನಲ್ಲಿ ಈ ಶಬ್ದವು ದೇಹವನ್ನೂ ಮನಸ್ಸನ್ನೂ ಬೇರ್ಪಡಿಸದೆ ಒಟ್ಟಿಗೆ ಹಿಡಿಯುತ್ತದೆ. ಅದೇ ಅದರ ಗುಣ, ಅದೇ ದೋಷ. ‘ಆರಾಮ ಅದೀನ್ರಿ’ ಎಂಬ ಉತ್ತರದಿಂದ ಜ್ವರವಿಲ್ಲವೆಂದು ತಿಳಿಯಬೇಕೋ, ನಿದ್ರೆ ಬರುತ್ತಿದೆಯೆಂದು ತಿಳಿಯಬೇಕೋ, ಅಥವಾ ಕೇವಲ ಉಪಚಾರದ ಮಾತೆಂದು ಬಿಡಬೇಕೋ ನಿಶ್ಚಯವಾಗದು.

ದಕ್ಷಿಣದಲ್ಲಿ ಇದೇ ಅರ್ಥಕ್ಕೆ ‘ಹುಷಾರು’ ಎನ್ನುತ್ತಾರೆ. ‘ಹುಷಾರಿಲ್ಲ’ ಎಂದರೆ ಅಲ್ಲಿ ಅಸ್ವಸ್ಥತೆ. ಬೈಲಹೊಂಗಲದ ಕಡೆಯಲ್ಲಾದರೋ ಹುಷಾರ ಎಂದರೆ ಜಾಣ ಅಥವಾ ಎಚ್ಚರಿಕೆಯುಳ್ಳವನು. ಫಾರಸಿಯ ಮೂಲಾರ್ಥಕ್ಕೆ ಉತ್ತರದ ಬಳಕೆಯೇ ಸಮೀಪವಾಗಿದೆ. ಬೆಂಗಳೂರಿನಲ್ಲಿ ರಚಿತವಾದ ಪತ್ರದಲ್ಲಿ ‘ಈಚೆಗೆ ಹುಷಾರಾಗಿದ್ದೀರಾ?’ ಎಂದಿದ್ದರೆ ಕಿತ್ತೂರಿನ ರೈತನು ತನ್ನ ಜಾಣತನವನ್ನು ಕೇಳುತ್ತಾರೆಂದು ತಿಳಿದು ಸಂಕೋಚದಿಂದ ಉತ್ತರಿಸಬಹುದು.

‘ಕಾಳಜಿ’ಯೆಂಬುದು ಮರಾಠಿಯಿಂದ ಬಂದ ಶಬ್ದ. ಗ್ರಂಥಭಾಷೆಯಲ್ಲಿ ಇದಕ್ಕೆ ಆರೈಕೆ, ಆಸ್ಥೆ ಎಂಬ ಅರ್ಥವೇ ನೆಲೆಗೊಂಡಿದೆ. ಈ ಭಾಗದ ಆಡುಮಾತಿನಲ್ಲಿ ಅದರೊಡನೆ ಚಿಂತೆಯೆಂಬ ಅರ್ಥವೂ ಉಂಟು. ‘ಕಾಳಜಿ ಮಾಡಬ್ಯಾಡ್ರಿ’ ಎಂದರೆ ಚಿಂತಿಸಬೇಡಿರಿ ಎಂದು ಅಭಿಪ್ರಾಯ. ಅನುಭವಮಾನದಲ್ಲಿ ‘ನಿಮ್ಮ ವಿಷಯದಲ್ಲಿ ಕಾಳಜಿ ಮಾಡಿದರೇ?’ ಎಂದು ಕೇಳಿದರೆ, ದವಾಖಾನೆಯವರು ಚೆನ್ನಾಗಿ ನೋಡಿಕೊಂಡರೋ ಅಥವಾ ನನ್ನ ಸ್ಥಿತಿಯನ್ನು ಕಂಡು ಚಿಂತೆಗೀಡಾದರೋ ಎಂದು ರೋಗಿಯು ತೊಡಕುವ ಸಂಭವವಿದೆ.

ದುಃಖವಾಚಕಗಳಲ್ಲಿ ‘ಖಿನ್ನತೆ’ಯು ಕೇವಲ ಗ್ರಂಥಸ್ಥವಾದುದು. ಜನರ ಬಾಯಲ್ಲಿರುವುದು ‘ಬ್ಯಾಸರ’. ಇದು ದಣಿವು, ಜುಗುಪ್ಸೆಗಳನ್ನು ಸೂಚಿಸುವ ಹಳಗನ್ನಡದ ದೇಶ್ಯಶಬ್ದದ ಮುಂದುವರಿಕೆ. ಫಾರಸಿಯಿಂದ ಬಂದ ‘ಬೇಜಾರು’ ಎಂಬುದು ಬೇರೆಯದು. ಬ್ಯಾಸರದಲ್ಲಿ ಆಯಾಸ, ನಿರುತ್ಸಾಹ, ದುಃಖ ಮೂರೂ ಕೂಡಿವೆ. ಖಿನ್ನತೆಯ ಮಾಪಕವಾದರೋ ನಿರುತ್ಸಾಹವನ್ನು ಒಂದು ಪ್ರಶ್ನೆಯಲ್ಲಿಯೂ, ದುಃಖವನ್ನು ಇನ್ನೊಂದರಲ್ಲಿಯೂ, ಆಯಾಸವನ್ನು ಮತ್ತೊಂದರಲ್ಲಿಯೂ ಕೇಳುತ್ತದೆ. ಮೂರು ಕಡೆಯೂ ಬ್ಯಾಸರವೆಂಬ ಶಬ್ದವನ್ನೇ ಹಾಕಿದರೆ ಒಂದೇ ನೋವನ್ನು ಮೂರು ಸಲ ಎಣಿಸಿದಂತಾಗುವುದು. ಎಲ್ಲಿಯೂ ಹಾಕದಿದ್ದರೆ ಜನರ ನೋವು ಪತ್ರದ ಹೊರಗೇ ಉಳಿಯುವುದು. ಇದಲ್ಲದೆ ‘ಎದಿ ಹಾರತೈತಿ’, ‘ಜೀವಕ್ಕ ಸಮಾಧಾನ ಇಲ್ಲ’ ಎಂಬಂತೆ ದೇಹದ ಮೂಲಕ ಮನಸ್ಸನ್ನು ಹೇಳುವ ನುಡಿಗಟ್ಟುಗಳೂ ಉಂಟು. ಇವನ್ನು ಅರಿಯದವನು ಹೃದ್ರೋಗವೆಂದು ಬರೆದುಕೊಳ್ಳುವನು.

೬

ಶಬ್ದಗಳಷ್ಟೇ ಅಲ್ಲದೆ ವಾಕ್ಯರಚನೆಯೂ ತೊಡಕನ್ನು ಉಂಟುಮಾಡುತ್ತದೆ. ‘ನಿದ್ದೆ ಬರುವುದಿಲ್ಲವೇ?’ ಎಂದು ಕೇಳಿದರೆ ಕನ್ನಡದಲ್ಲಿ ‘ಹೌದು’ ಎಂಬ ಉತ್ತರವು ಸಾಮಾನ್ಯವಾಗಿ ನಿಷೇಧವನ್ನೇ ಸಮರ್ಥಿಸುತ್ತದೆ, ಎಂದರೆ ಬರುವುದಿಲ್ಲವೆಂದು ಅರ್ಥ. ‘ಇಲ್ಲ’ ಎಂದರೆ ಬರುವುದಿಲ್ಲವೆಂತಲೂ ಆಗಬಹುದು, ನೀವಂದದ್ದು ಸರಿಯಲ್ಲವೆಂತಲೂ ಆಗಬಹುದು. ನಿಷೇಧಗರ್ಭಿತವಾದ ಪ್ರಶ್ನೆಗಳನ್ನು ಬಿಟ್ಟು ‘ನಿದ್ದೆ ಹೇಗೆ ಬರುತ್ತದೆ?’ ಎಂದು ಕೇಳುವುದೇ ಲೇಸು.

ಆವೃತ್ತಿಯ ಶಬ್ದಗಳೂ ಹೀಗೆಯೇ. ಖಿನ್ನತಾಪತ್ರದಲ್ಲಿ ‘ಹಲವು ದಿನ’ ಎಂಬುದಕ್ಕೆ ೧, ‘ಅರ್ಧಕ್ಕಿಂತ ಹೆಚ್ಚು ದಿನ’ ಎಂಬುದಕ್ಕೆ ೨ ಅಂಕೆ. ಹಲವು, ಅನೇಕ ಎಂಬವು ಕನ್ನಡದಲ್ಲಿ ಮಿತಿಯಿಲ್ಲದ ಬಹುತ್ವವನ್ನು ಹೇಳುವುದರಿಂದ, ಹದಿನಾಲ್ಕರಲ್ಲಿ ಹತ್ತು ದಿನ ದುಃಖಪಟ್ಟವನೂ ‘ಹಲವು ದಿನ’ವನ್ನೇ ಆರಿಸಿಕೊಳ್ಳಬಹುದು. ಎರಡು ವಾರವೆಂಬ ಅವಧಿಯು ಕೂಡ ಪಂಚಾಂಗದಿಂದಲೂ ಸಂತೆಯಿಂದಲೂ ಕಾಲವನ್ನು ಎಣಿಸುವವರಿಗೆ ಸ್ಪಷ್ಟವಾಗದು. ‘ಹಿಂದಿನ ಎರಡು ಸಂತೆಯಿಂದ ಈಚೆಗೆ’ ಎಂದರೆ ನೆನಪು ತಾನಾಗಿ ಚಿಗುರುತ್ತದೆ. ಸವದತ್ತಿಯ ಭಾಗದಲ್ಲಿ ಎಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂತಹ ಜಾತ್ರೆಗಳು ದೀರ್ಘಾವಧಿಯ ಎಣಿಕೆಗೆ ಒಳ್ಳೆಯ ಗುರುತುಗಳಾಗುತ್ತವೆ.

ಒಂಬತ್ತನೆಯ ಪ್ರಶ್ನೆಯು ಅತ್ಯಂತ ಗಂಭೀರವಾದುದು. ಸಾಯುವುದೇ ಮೇಲೆಂಬ ಅಥವಾ ತನಗೆ ತಾನೇ ಹಾನಿಮಾಡಿಕೊಳ್ಳುವ ವಿಚಾರಗಳು ಬಂದವೇ ಎಂದು ಅದು ಕೇಳುತ್ತದೆ. ಸಿಟ್ಟಿನಲ್ಲಿಯೂ ದಣಿವಿನಲ್ಲಿಯೂ ಸಾವಿನ ಹೆಸರನ್ನು ಸುಮ್ಮನೆ ಎತ್ತುವ ರೂಢಿಯು ಆಡುಮಾತಿನಲ್ಲಿ ಇರುವುದರಿಂದ ಕೇಳುವವನು ಎರಡು ತಪ್ಪುಗಳನ್ನು ಮಾಡಬಲ್ಲನು: ರೂಢಿಯ ಮಾತನ್ನು ಸಂಕಲ್ಪವೆಂದು ಬಗೆಯುವುದು ಒಂದು, ಸಂಕಲ್ಪವನ್ನು ರೂಢಿಯೆಂದು ಕಡೆಗಣಿಸುವುದು ಇನ್ನೊಂದು. ಎರಡನೆಯದು ಪ್ರಾಣಕ್ಕೆ ಎರವಾಗತಕ್ಕದ್ದು. ಆದುದರಿಂದ ಇಲ್ಲಿ ಅಂಕೆಯನ್ನು ಬರೆದು ಮುಂದೆ ಹೋಗದೆ, ಸ್ಪಷ್ಟವಾಗಿ ಮರುಪ್ರಶ್ನೆ ಮಾಡಿ, ಅಂದೇ ವೈದ್ಯನ ಗಮನಕ್ಕೆ ತರಬೇಕು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ೧೪೪೧೬ ಎಂಬ ಸರಕಾರಿ ದೂರವಾಣಿಯ ಸಹಾಯದಲ್ಲಿ ಮುಖವನ್ನು ಕಾಣದೆ ಧ್ವನಿಯನ್ನಷ್ಟೇ ಕೇಳುವುದರಿಂದ ಈ ವಿವೇಕವು ಅಲ್ಲಿ ಇನ್ನೂ ಅಗತ್ಯ.

೭

ಅನುಭವಮಾನಕ್ಕೆ ಅಡ್ಡಬರುವ ದೊಡ್ಡ ಶತ್ರುವು ದಾಕ್ಷಿಣ್ಯ. ಔಷಧ ಕೊಟ್ಟವರ ಎದುರಿಗೇ ‘ನಿಮ್ಮನ್ನು ಹೇಗೆ ನೋಡಿಕೊಂಡರು?’ ಎಂದು ಕೇಳಿದರೆ ‘ಛಲೋ ನೋಡ್ಯಾರ್ರಿ’ ಎಂಬುದಲ್ಲದೆ ಬೇರೆ ಉತ್ತರವು ಬರುವುದು ದುರ್ಲಭ. ಅದು ಸುಳ್ಳೆಂದು ಹೇಳಲಾಗದು, ಅದು ಸಭ್ಯತೆ. ಆದರೆ ಸಭ್ಯತೆಯನ್ನು ಕೂಡಿಸಿ ಸರಾಸರಿ ತೆಗೆದರೆ ಸೇವೆಯ ಗುಣವು ಅದರಿಂದ ತಿಳಿಯದು. ತೃಪ್ತಿಯನ್ನು ಕೇಳುವುದಕ್ಕಿಂತ ನಡೆದ ಸಂಗತಿಯನ್ನು ಕೇಳುವುದು ಲೇಸು. ‘ಗುಳಿಗೆಯಿಂದ ಏನೇನು ತೊಂದರೆಯಾಗಬಹುದೆಂದು ಹೇಳಿದರೇ?’, ‘ನಿಮ್ಮೊಡನೆ ಮಾತಾಡಿದರೋ, ಜೊತೆಗೆ ಬಂದವರೊಡನೆಯೇ ಮಾತಾಡಿದರೋ?’ ಎಂಬಂತಹ ಪ್ರಶ್ನೆಗಳಿಗೆ ದಾಕ್ಷಿಣ್ಯವು ಅಷ್ಟಾಗಿ ಅಡ್ಡಬರುವುದಿಲ್ಲ. ಕೇಳುವವರು ಚಿಕಿತ್ಸೆ ಕೊಟ್ಟವರಲ್ಲದವರಾಗಿರಬೇಕು. ಕೇಳುವ ಸ್ಥಳದಲ್ಲಿ ಏಕಾಂತವಿರಬೇಕು.

ಏಕಾಂತಕ್ಕೆ ಇನ್ನೊಂದು ಕಾರಣವೂ ಉಂಟು. ನೇಕಾರನ ಮನೆಯ ಸೊಸೆಯೊಬ್ಬಳನ್ನು ಕೇಳಿದ ಪ್ರಶ್ನೆಗೆ ಅತ್ತೆ ಅಥವಾ ಗಂಡನು ಉತ್ತರ ಕೊಡುವುದು ಅಸಂಭವವಲ್ಲ. ‘ಈಗ ಕೆಲಸ ಮಾಡತಾಳ್ರಿ, ಆರಾಮ ಆಗೈತಿ’ ಎಂದರೆ ಮನೆಯವರ ದೃಷ್ಟಿಯಿಂದ ಫಲವು ಸಿದ್ಧಿಸಿತು. ಅವಳ ಎದೆಯ ಭಾರವು ಹಾಗೆಯೇ ಇರಬಹುದು. ಮನೆಯವರ ಮಾತೂ ಪ್ರಮಾಣವೇ, ಆದರೆ ಬೇರೆ ಪ್ರಮಾಣ. ಎರಡನ್ನೂ ಬೇರೆಬೇರೆ ಮನೆಗಳಲ್ಲಿ ಬರೆದುಕೊಳ್ಳಬೇಕು. ಭೇದ ಕಂಡಲ್ಲಿ ಆ ಭೇದವೇ ವೈದ್ಯನಿಗೆ ಉಪಯುಕ್ತವಾದ ಸುದ್ದಿ.

ಇದು ಕೇವಲ ಸೌಜನ್ಯದ ಮಾತಲ್ಲ, ನ್ಯಾಯದ ಮಾತು. ೨೦೧೭ರ ಮಾನಸಿಕ ಆರೋಗ್ಯರಕ್ಷಣಾ ಕಾಯಿದೆಯು ೨೦೧೮ರ ಮೇ ೨೯ರಂದು ಜಾರಿಗೆ ಬಂದಿತು. ರೋಗಿಯ ಗುಟ್ಟನ್ನು ಕಾಪಾಡುವುದು, ಸೇವೆಯ ಕೊರತೆಯ ವಿಷಯದಲ್ಲಿ ದೂರು ಕೊಡುವುದು ಇವುಗಳನ್ನು ಅದು ರೋಗಿಯ ಹಕ್ಕುಗಳೆಂದು ಹೇಳಿದೆ. ಸರಪಳಿಯಿಂದ ಕಟ್ಟುವುದನ್ನು ಸಂಪೂರ್ಣವಾಗಿ ನಿಷೇಧಿಸಿದೆ. ದೂರು ಕೊಡುವ ಹಕ್ಕಿದ್ದವನಿಗೆ ದೂರಲು ಭಾಷೆಯೂ ಅವಕಾಶವೂ ದೊರೆಯದಿದ್ದರೆ ಆ ಹಕ್ಕು ಕಾಗದದಲ್ಲಿಯೇ ಉಳಿಯುವುದು.

೮

ಇಲ್ಲಿ ಒಂದು ಪೂರ್ವಪಕ್ಷವನ್ನು ವಿಚಾರಿಸಬೇಕು. ಪ್ರತಿಯೊಂದು ತಾಲ್ಲೂಕಿಗೂ ಬೇರೆಬೇರೆ ಶಬ್ದಗಳನ್ನು ಹಾಕಿದರೆ ಬೈಲಹೊಂಗಲದ ೧೨ಕ್ಕೂ ಮೈಸೂರಿನ ೧೨ಕ್ಕೂ ಹೋಲಿಕೆಯೇ ಇಲ್ಲದಂತಾಗದೇ? ಸೇರು ಊರೂರಿಗೆ ಬೇರೆಯಾದರೆ ವ್ಯಾಪಾರವು ಹೇಗೆ ನಡೆಯಬೇಕು? ಈ ಆಕ್ಷೇಪವು ಬಲವುಳ್ಳದ್ದೇ. ಆದರೆ ಶಬ್ದದ ಏಕತೆಯಿಂದ ಅರ್ಥದ ಏಕತೆಯು ಸಿದ್ಧಿಸುವುದಿಲ್ಲವೆಂಬುದನ್ನು ‘ಹುಷಾರು’ ಶಬ್ದವೇ ತೋರಿಸಿತು. ಎಲ್ಲೆಡೆಯೂ ಒಂದಾಗಿರಬೇಕಾದುದು ತೂಕ, ತಕ್ಕಡಿಯ ಬಣ್ಣವಲ್ಲ. ಇದಕ್ಕಾಗಿ ನಿಯಮಿತವಾದ ಕ್ರಮವೊಂದುಂಟು. ಮೊದಲು ಅನುವಾದ, ಬಳಿಕ ಮೂಲವನ್ನು ನೋಡದ ಇನ್ನೊಬ್ಬರಿಂದ ಮರಳಿ ಮೂಲಭಾಷೆಗೆ ಅನುವಾದ, ಎರಡನ್ನೂ ತಜ್ಞರು ಹೋಲಿಸುವುದು, ಕಡೆಗೆ ಊರಿನ ಕೆಲವರನ್ನು ಕೇಳಿ, ‘ಈ ಪ್ರಶ್ನೆಯಿಂದ ನಿಮಗೇನು ತಿಳಿಯಿತು?’ ಎಂದು ವಿಚಾರಿಸಿ ತಿದ್ದುವುದು. ಆಮೇಲೆ ಮಾಪಕವು ಸ್ಥಿರವೋ ಎಂದು ಅಂಕೆಗಳಿಂದ ಪರೀಕ್ಷಿಸಬೇಕು. ಮರಳಿ ಅನುವಾದಿಸುವುದರಿಂದಲೇ ಎಲ್ಲ ದೋಷಗಳೂ ಹೊರಬೀಳುವುದಿಲ್ಲ. ‘ಖಿನ್ನತೆ’ಯು ಪಂಡಿತನ ಕೈಯಲ್ಲಿ ಸುಖವಾಗಿ ಮೂಲಕ್ಕೆ ಮರಳುತ್ತದೆ, ರಾಮದುರ್ಗದ ಮಗ್ಗದ ಮುಂದೆ ಮಾತ್ರ ಅದು ನಿಲ್ಲಲಾರದು. ಕಡೆಯ ಮೆಟ್ಟಿಲಾದ ಜನರ ವಿಚಾರಣೆಯೇ ಆದುದರಿಂದ ಮುಖ್ಯವಾದುದು.

ಒಂದು ತಾಲ್ಲೂಕಿನ ಪರಿಮಿತಿಯಲ್ಲಿ ಇಂತಹ ಅಳತೆಯಿಂದ ಪ್ರಯೋಜನವಾದುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ೨೦೦೫ರಿಂದ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗವುಳ್ಳವರನ್ನು ಹಳ್ಳಿಗಳಲ್ಲಿ ಗುರುತಿಸಿ, ಚಿಕಿತ್ಸೆ ಕೊಟ್ಟು, ಅವರ ಸ್ಥಿತಿಯನ್ನು ಮೇಲೆ ಹೇಳಿದ ಐಡಿಯಾಸ್ ಮಾಪಕದಿಂದ ಅಳೆದರು. ಚಿಕಿತ್ಸೆಯಲ್ಲಿದ್ದವರ ಅಶಕ್ತತೆಯು ಚಿಕಿತ್ಸೆಯಿಲ್ಲದವರ ಅಶಕ್ತತೆಗಿಂತ ಕಡಿಮೆಯೆಂದು ಅದರಿಂದ ಕಂಡುಬಂದಿತು. ಅಳೆಯದಿದ್ದರೆ ಇದು ನಂಬಿಕೆಯಾಗಿ ಉಳಿಯುತ್ತಿತ್ತು, ಅಳೆದುದರಿಂದ ಜ್ಞಾನವಾಯಿತು.

ಸಾಹಿತ್ಯದ ಅಧ್ಯಾಪಕರಿಗೆ ಇಲ್ಲಿ ಮಾಡತಕ್ಕ ಕೆಲಸವು ಸಾಕಷ್ಟಿದೆ. ಶರೀರ ಮತ್ತು ಮನಸ್ಸುಗಳ ಸುಖದುಃಖಗಳನ್ನು ಹೇಳುವ ಪ್ರಾಂತೀಯ ಶಬ್ದಗಳನ್ನೂ ನುಡಿಗಟ್ಟುಗಳನ್ನೂ ತಾಲ್ಲೂಕುವಾರು ಸಂಗ್ರಹಿಸಿ, ಅರ್ಥದ ಎಲ್ಲೆಗಳನ್ನು ಉದಾಹರಣೆಯೊಡನೆ ನಿರ್ಣಯಿಸಿ ಕೊಟ್ಟರೆ, ವೈದ್ಯರ ಕೈಗೆ ಅದೊಂದು ಉಪಕರಣವಾಗುವುದು. ಗಂಡಸರ ಮಾತಿಗೂ ಹೆಂಗಸರ ಮಾತಿಗೂ, ರೈತರ ಮಾತಿಗೂ ನೇಕಾರರ ಮಾತಿಗೂ ಇರುವ ಭೇದಗಳು ಆ ಸಂಗ್ರಹದಲ್ಲಿ ಕಾಣಬೇಕು. ಸವದತ್ತಿಯ ಹೊರರೋಗಿ ವಿಭಾಗದಲ್ಲಿ ಒಬ್ಬಳು ‘ಆರಾಮ ಅದೀನ್ರಿ’ ಎಂದಾಗ ಕಾಗದದ ಮೇಲೆ ಯಾವ ಅಂಕೆಯನ್ನು ಬರೆಯಬೇಕೆಂಬುದು ವೈದ್ಯನೊಬ್ಬನಿಂದಲೇ ನಿರ್ಣಯವಾಗತಕ್ಕ ಪ್ರಶ್ನೆಯಲ್ಲ. ಆತುರಪರಿಪ್ರಶ್ನದಿಂದಲೇ ತಿಳಿಯಬೇಕೆಂಬ ಪ್ರಾಚೀನ ವಿಧಿಯಲ್ಲಿ ಪ್ರಶ್ನೆಯು ಆತುರನಿಗೆ ಅರ್ಥವಾಗಬೇಕೆಂಬುದು ಅಧ್ಯಾಹಾರದಿಂದಲೇ ಸಿದ್ಧವಾಗಿದೆ. ಆ ಅಧ್ಯಾಹಾರವನ್ನು ಕನ್ನಡದಲ್ಲಿ ಪೂರ್ಣಗೊಳಿಸುವುದು ಕನ್ನಡ ವಿದ್ವಾಂಸರ ಪಾಲಿನ ಕೆಲಸವಾಗಿದೆ.